ಕೊನೆ ನೋಡದ ಸಿನಿಮಾಗಳು

"ಆ ಮಾಸ್ತರಗ ನೌಕರಿ ತಿರುಗಿ ಸಿಕ್ತೇನ್ರಿ?"

ಸುಂದರಬಾಯಿ ಇಷ್ಟು ಕೇಳಿದ್ದೇ ತಡ, ಅಫಜಲಪುರದ ಆ ಹಾಲಿನಲ್ಲಿ ಕುಳಿತಿದ್ದ ಇಪ್ಪತ್ತೆರಡು ಹೆಣ್ಣುಮಕ್ಕಳು ಒಟ್ಟಿಗೇ ಹಿಂದಕ್ಕೆ ತಿರುಗಿದರು. ಕೇಳಬೇಕಾದವನು ಸಿನಿಮಾ ತೋರಿಸಲು ಬಂದವನು, ಉತ್ತರ ಕೊಡಬೇಕಾದವರು ಈ ಹೆಣ್ಣುಮಕ್ಕಳು. ಇದೇನು ಉಲ್ಟಾ ವ್ಯವಹಾರ?

೧೯೮೮ರ ಮಾತು. ಮಂಡಲ ಪಂಚಾಯ್ತಿಗೆ ಹೆಂಗಸರೂ ಆರಿಸಿ ಬಂದ ಹೊಸತು. ಆರಿಸಿ ಬಂದವರಿಗೆ ಶನಿವಾರಕ್ಕೊಮ್ಮೆ ನಾಯಕತ್ವದ ತರಬೇತಿ. ಭಾಷಣ ಮಾಡಿದರೆ ಎಲ್ಲರೂ ತೂಕಡಿಸುತ್ತಾರೆಂದು ಯಾರೋ ಪುಣ್ಯಾತ್ಮರು ಸಿನಿಮಾ ತೋರಿಸಿ ಪಾಠ ಹೇಳುವ ಉಪಾಯ ಹೂಡಿದ್ದರು. ಒಂದು ಪ್ರೊಜೆಕ್ಟರು, ಒಂದು ಬಿಳಿ ಪರದೆ, ಬೆಳಕು ಬಾರದಂತೆ ಕಿಟಕಿಗಳಿಗೆ ಜಮಖಾನೆ. ಇವುಗಳ ಜೊತೆಗೆ ಆಪರೇಟರ್ ಬಸವಂತರಾಯ. ಆಳಂದ ತಾಲೂಕಿನ ಕಡಗಂಚಿಯವನು, ನೌಕರಿಯ ಸಲುವಾಗಿ ಅಫಜಲಪುರದಲ್ಲೇ ಖೋಲಿ ಹಿಡಿದಿದ್ದ, ಮೂವತ್ತೊಂದು ವರ್ಷ, ಇನ್ನೂ ಲಗ್ನವಾಗಿರಲಿಲ್ಲ. ಮೊದಲ ದಿನ ಪರಿಚಯವಾಗಲಿ ಎಂದು ಅವನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತ ಬಂದಿದ್ದ. ನಿಮಗೆ ಮೆಚ್ಚಿಗೆಯಾದ ಸಿನಿಮಾ ಯಾವುದು, ಅದರಿಂದ ಏನು ಕಲಿತಿರಿ?

ಉಳಿದವರೆಲ್ಲ ದೇವರ ಸಿನಿಮಾದ ಹೆಸರು ಹೇಳಿ, ಭಕ್ತಿ ಕಲಿತೆವು ಎಂದು ಕೈಮುಗಿದಿದ್ದರು. ಸುಂದರಬಾಯಿ ಮಾತ್ರ ಮೂಗಿನ ತನಕ ಸೆರಗೆಳೆದುಕೊಂಡು, ಸಾಲಿ ಮಾಳಿಗೆಯ ಸಲುವಾಗಿ ಗುತ್ತೇದಾರನೊಡನೆ ಜಗಳಾಡಿ ನೌಕರಿ ಕಳೆದುಕೊಂಡ ಮಾಸ್ತರನ ಕಥೆ ಹೇಳಿದಳು. ಹೇಳಿ, ಈ ಪ್ರಶ್ನೆ ಕೇಳಿದಳು.

"ನೀವs ನೋಡೀರಲ್ಲ ಬಾಯಾರ, ನನಗ ಕೇಳ್ತೀರಿ?" ಅವನು ನಕ್ಕ.

"ಅರ್ಧ ನೋಡೀನ್ರಿ."

"ನಿದ್ದಿ ಹತ್ತಿತೇನು?"

ಹಾಲೆಲ್ಲ ನಕ್ಕಿತು. ಸುಂದರಬಾಯಿ ಸೆರಗನ್ನು ಇನ್ನಷ್ಟು ಕೆಳಗೆಳೆದುಕೊಂಡಳು. ಪಕ್ಕದಲ್ಲಿ ಕಾವಲಿಗೆಂದು ಬಂದಿದ್ದ ಅತ್ತೆ ಹೀರಾಬಾಯಿಯೇ ಕೊನೆಗೆ ಬಾಯಿ ಬಿಟ್ಟಳು. "ನಮ್ಮ ಮನಿ ಪದ್ಧತಿ ಹಂಗದ ತಮ್ಮಾ. ದೀಪ ಆರಿದ ಮ್ಯಾಲ ಟಾಕೀಸಿನೊಳಗ ಹೋಗಬೇಕು, ದೀಪ ಹತ್ತೂದ್ರೊಳಗ ಎದ್ದು ಬರಬೇಕು. ನಾಕು ಮಂದಿ ಕಣ್ಣಿಗೆ ಬೀಳಬಾರದಲ್ಲ. ಮೊದಲೂ ಇಲ್ಲ, ಕೊನಿನೂ ಇಲ್ಲ. ನಡೂಕಿಂದಷ್ಟೇ ನಮ್ಮದು."

ಬಸವಂತರಾಯನ ನಗೆ ನಿಂತುಹೋಯಿತು. ಇವರು ಚೌಡಾಪುರದ ಹತ್ತಿರದ ಹಳ್ಳಿಯ ದೌಲತರಾಯ ಗೌಡರ ವಾಡೆಯವರು; ಆ ದೊಡ್ಡಮನೆಯ ಹೆಣ್ಣುಮಕ್ಕಳು ಹೊಸ್ತಿಲು ದಾಟುವುದೇ ವರ್ಷಕ್ಕೆ ಎರಡು ಸಲ ಎಂದು ಅವನೂ ಕೇಳಿದ್ದ. ಸಿನಿಮಾದ ಕೊನೆಯನ್ನೂ ನೋಡಬಾರದು ಎಂಬುದನ್ನು ಕೇಳಿರಲಿಲ್ಲ.

"ಸಿಗಲಿಲ್ರಿ," ಎಂದ ಮೆಲ್ಲಗೆ. "ನೌಕರಿ ತಿರುಗಿ ಸಿಗಲಿಲ್ಲ. ಮೊದಲs ಯಾರೋ ಕೊಟ್ಟ ಕಾಗದಕ್ಕ ಓದಿ ನೋಡದs ಸಹಿ ಮಾಡಿಬಿಟ್ಟಿದ್ದ ಅವ."

ಹತ್ತು ವರ್ಷದಿಂದ ಆ ಮಾಸ್ತರನ ಚಿಂತೆ ಹೊತ್ತುಕೊಂಡಿದ್ದ ಸುಂದರಬಾಯಿಗೆ ಮನೆಯವರೇ ಯಾರೋ ಹೋದಷ್ಟು ಸಂಕಟವಾಯಿತು.

*

ವಾಡೆಯ ಹೆಣ್ಣುಮಕ್ಕಳು ಎಲ್ಲಿ ಹೋದರೂ ಹಿಂದೆ ಕೂಡಬೇಕು, ಮಂದಿಯ ಕಣ್ಣಿಗೆ ಬೀಳದ ಹಾಗೆ. ಆದರೆ ಪ್ರೊಜೆಕ್ಟರು ಇರುವುದೂ ಹಿಂದೆಯೇ. ಗೌಡರು ಎಷ್ಟೆಲ್ಲ ಯೋಚಿಸಿ ಕಟ್ಟಿದ ಕಟ್ಟಳೆಯಲ್ಲಿ ಇದೊಂದು ಹೊಳೆದಿರಲಿಲ್ಲ. ಹೀಗಾಗಿ ಶನಿವಾರಕ್ಕೊಮ್ಮೆ ಅವರ ಸೊಸೆ ಆಪರೇಟರನಿಂದ ಎರಡು ಮೊಳ ದೂರ ಕೂಡುತ್ತಿದ್ದಳು.

ಮೆಂಬರ್ ಆದದ್ದೂ ಗೌಡರ ಆಟವೇ. ಸೀಟು ಹೆಂಗಸರಿಗೆ ಮೀಸಲಾಯಿತು, ಗೌಡರು ಸೊಸೆಯ ಹೆಸರು ಬರೆಸಿದರು. ಗಂಡ ಮೋಟಾರಿನ ಕರೆಂಟು ಹೊಡೆದು ತೀರಿಕೊಂಡು ಆರು ವರ್ಷ, ಎಂಟು ವರ್ಷದ ಮಗಳು ಪ್ರಮಿಲಾ, ಇಪ್ಪತ್ತೇಳರ ಹರೆಯ. ಇಂಥವಳು ಎಲ್ಲಿಗೆ ಹೋದಾಳು? ಮೀಟಿಂಗಿಗೆ ಗೌಡರು ಹೋಗುವರು, ರಿಜಿಸ್ಟರು ಮನೆಗೆ ಬರುವುದು, ತೋರಿಸಿದಲ್ಲಿ ಅವಳು ಸಹಿ ಮಾಡುವಳು. ತರಬೇತಿಗೆ ಹಾಜರಾಗಲೇಬೇಕೆಂದು ಕಾಗದ ಬಂದಿತ್ತು, ಇಲ್ಲವಾದರೆ ಅದಕ್ಕೂ ಕಳಿಸುತ್ತಿರಲಿಲ್ಲ.

ಎರಡನೇ ಶನಿವಾರ ಅಂಬಿಗನ ಸಿನಿಮಾ. ಹೊಳೆಗೆ ಮಹಾಪೂರ ಬಂದಾಗ ಊರನ್ನೆಲ್ಲ ದಾಟಿಸಿ ಕೊನೆಗೆ ತಾನೊಬ್ಬನೇ ಮುಳುಗಿಹೋಗುತ್ತಾನೆ. ಹಾಲಿನಲ್ಲಿ ಮೂಗು ಸೀಟುವ ಸದ್ದೇ ಸದ್ದು. ಮುಗಿದ ಮೇಲೆ ಕಲಿತ ಗುಣ ಬರೆಸುವ ಫಾರಮ್ ಬಂತು. ಎಲ್ಲರೂ ತ್ಯಾಗ ಎಂದರು.

"ನೀವೇನಂತೀರಿ ಮೆಂಬರ್ ಬಾಯಾರ?" ಬಸವಂತರಾಯ ಕೇಳಿದ.

"ತ್ಯಾಗ ಖರೆ ಅದರಿ. ಆದ್ರ ಅಷ್ಟು ವರ್ಷ ಡೋಣಿ ನಡೆಸಿದಾಂವ ಇನ್ನೊಬ್ಬಗ ಹುಟ್ಟು ಹಾಕೋದು ಯಾಕ ಕಲಿಸಲಿಲ್ಲ? ಕಲಿಸಿದ್ರ ಸಾಯ್ತಿದ್ದಿಲ್ಲಲ್ಲ."

ಮುಂದೆ ಕುಳಿತಿದ್ದ ಅಧಿಕಾರಿ ಹೋ ಎಂದು ನಕ್ಕರು. ಬಸವಂತರಾಯ ನಗಲಿಲ್ಲ. ಆ ಮಾತನ್ನು ಇದ್ದಂತೆಯೇ ಫಾರಮಿನಲ್ಲಿ ಬರೆದುಕೊಂಡ. ತನ್ನ ಮಾತನ್ನು ಒಬ್ಬ ಗಂಡಸು ಬರೆದುಕೊಳ್ಳುವುದನ್ನು ಸುಂದರಬಾಯಿ ಜೀವನದಲ್ಲಿ ಮೊದಲ ಸಲ ನೋಡಿದಳು. ಅವನ ಕೈಬೆರಳಿಗೆ ಎಣ್ಣೆಯ ಕರಿ ಹತ್ತಿತ್ತು. ಮನೆಗೆ ಬಂದು ರೊಟ್ಟಿ ಬಡಿಯುವಾಗಲೂ ಆ ಬೆರಳೇ ಕಣ್ಣ ಮುಂದೆ. ಒಂದು ರೊಟ್ಟಿ ಹೊತ್ತಿ ಹೋಯಿತು.

ಅಲ್ಲಿಂದ ಮುಂದೆ ಅವಳು ಅರ್ಧ ನೋಡಿದ ಸಿನಿಮಾಗಳನ್ನೆಲ್ಲ ಒಂದೊಂದಾಗಿ ಹೊರತೆಗೆದಳು. ಅತ್ತೆ ಬಾಯಿ ತೆರೆದು ಪರದೆ ನೋಡುತ್ತ ಕುಳಿತಿರುವಳು, ಪ್ರೊಜೆಕ್ಟರು ಗರಗರ ಸದ್ದು ಮಾಡುತ್ತಿರುವುದು, ಆ ಸದ್ದಿನ ಮರೆಯಲ್ಲಿ ಇವರ ಪಿಸುಮಾತು.

"ಕುಲುಮ್ಯಾಗ ಕೆಲಸ ಮಾಡ್ತಿದ್ದಳಲ್ಲ ಆ ಹುಡುಗಿ, ಆಕೀ ಲಗ್ನ ಆತೇನ್ರಿ?"

"ಆತು. ಭಾಳ ದೊಡ್ಡ ಮನಿಗೆ ಹೋದಳು."

"ಕುಲುಮಿ?"

"ಕುಲುಮಿ ಬಿಟ್ಟಳು."

"ಹಂಗಾರ ಅದು ಕೊನಿ ಛಂದಿಲ್ಲ, ಬಿಡ್ರಿ."

"ಬಾಯಾರ, ನಾ ಸಿನಿಮಾ ತಗದಾಂವಲ್ಲ, ತೋರಸಾಂವ. ನನ್ನ ಮ್ಯಾಲ ಯಾಕ ಸಿಟ್ಟು?"

ಅವಳು ಸೆರಗಿನೊಳಗೇ ನಕ್ಕಳು. ಅವನಿಗೆ ಕಂಡದ್ದು ಗದ್ದ ಮತ್ತು ತುಟಿಯ ಒಂದು ತುದಿ ಮಾತ್ರ.

"ಅರ್ಧ ಸಿನಿಮಾ ನೋಡಿದವರು ಅರ್ಧ ಮುಖಾನs ತೋರಸ್ತಾರೇನು?" ಎಂದ.

"ಪೂರಾ ನೋಡಿದವರು ಪೂರಾ ಮಾತಾಡಬೇಕೇನು? ರೀಲಿನ ಕಡೆ ನೋಡ್ರಿ," ಎಂದಳು.

ನಾಲ್ಕನೇ ಶನಿವಾರ ಕೋಟೆ ಕಾಯ್ದ ರಾಣಿಯ ಕಥೆ. ಧೈರ್ಯ, ಸಾಹಸ, ಒಗ್ಗಟ್ಟು ಎಂದು ಫಾರಮ್ ತುಂಬಿತು. ಸುಂದರಬಾಯಿ ಹೇಳಿದ್ದಿಷ್ಟು: "ಬಾಗಿಲಾ ಒಳಗಿಂದ ಹಾಕ್ಕೊಂಡ್ರ ಕೋಟಿ. ಹೊರಗಿಂದ ಹಾಕಿದ್ರ ಜೇಲು. ಚಿಲಕ ಯಾರ ಕೈಯಾಗ ಅದ ಅನ್ನೋದಷ್ಟs ಫರಕ."

ಈ ಸಲ ಅಧಿಕಾರಿಯೂ ನಗಲಿಲ್ಲ. ಹೀರಾಬಾಯಿ ಸೊಸೆಯ ಕಡೆ ತಿರುಗಿ ಬಹಳ ಹೊತ್ತು ನೋಡಿದಳು.

*

ಆ ವಾರ ರಿಜಿಸ್ಟರು ವಾಡೆಗೆ ಬಂತು. ಗೌಡರು ತೂಗುಮಂಚದ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತ, "ಸಹಿ ಮಾಡಿ ಕೊಡಬೇ," ಎಂದರು.

ಸುಂದರಬಾಯಿ ರಿಜಿಸ್ಟರು ತೆಗೆದುಕೊಂಡು ಕಂಬದ ಹತ್ತಿರ ಕುಳಿತಳು. ಓದತೊಡಗಿದಳು. ಏಳನೇ ಇಯತ್ತೆಯ ಓದು, ಬೆರಳಿಟ್ಟು ಓದಬೇಕು. ಗೌಡರು ಎಲೆ ಜಗಿದು ಮುಗಿಸಿದರು.

"ಎಲ್ಲಿ ಮಾಡಬೇಕು ಗೊತ್ತಾಗಲಿಲ್ಲೇನು?"

"ಓದಾಕತ್ತೇನ್ರಿ ಮಾವಾರ."

ಗೌಡರು ಮೊದಲು ನಕ್ಕರು. ಓದಿ ಮುಗಿಸಿದ ಸೊಸೆ, "ಅಗಸಿ ಹೊರಗಿನ ಓಣಿಗೆ ಬಂದ ಬೋರಿಂಗ ನಮ್ಮ ತ್ವಾಟದ ಬಾಜೂಕ ಹಾಕಸ್ತೇವಂತ ಬರದದ. ಅಲ್ಲಿ ಮಂದಿ ಎರಡು ಮೈಲಿಂದ ನೀರು ತರ್ತಾರ. ನಾ ಇದಕ್ಕ ಸಹಿ ಮಾಡಂಗಿಲ್ರಿ," ಎಂದಾಗ ನಗೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಬೈದರೆ ಒಳಮನೆಯ ಮಾತು ಊರ ಮಾತಾಗುತ್ತದೆ, ಬಿಟ್ಟರೆ ಸೊಸೆ ಗೆದ್ದಂತಾಗುತ್ತದೆ. ಬಾಯಲ್ಲಿ ಬಿಸಿ ತುಪ್ಪ, ಉಗುಳಲೂ ಆಗದು, ನುಂಗಲೂ ಆಗದು. ರಿಜಿಸ್ಟರು ಮುಚ್ಚಿ, "ಇದೊಂದು ಶನಿವಾರ ಹೋಗಿ ಬಾ. ಮುಂದ ಬ್ಯಾಡ. ಕಲಿತದ್ದು ಸಾಕು," ಎಂದರು.

ಅವಳ ಸಹಿಯಿಲ್ಲದೆ ಆ ಠರಾವು ಬಿದ್ದುಹೋಯಿತು, ಬೋರಿಂಗು ಓಣಿಗೇ ಬಂತು. ಆದರೆ ಅವಳ ಬಾಗಿಲು ಮುಚ್ಚಿತು.

*

ಆ ಕೊನೆಯ ಶನಿವಾರ ಅರ್ಧ ಸಿನಿಮಾದಲ್ಲಿ ರೀಲು ಪಟ್ಟೆಂದು ಹರಿಯಿತು. ಕಿಟಕಿಯ ಜಮಖಾನೆ ಸರಿಸಲು ಯಾರೂ ಏಳಲಿಲ್ಲ. ಮುಂದೆ ಹೆಂಗಸರ ಗಲಾಟೆ ಎದ್ದಿತು. ಬಸವಂತರಾಯ ಪುಟ್ಟ ದೀಪ ಹಚ್ಚಿಕೊಂಡು ಹರಿದ ತುದಿಗಳನ್ನು ಜೋಡಿಸತೊಡಗಿದ.

"ನಾ ಮುಂದಿನ ವಾರ ಬರಂಗಿಲ್ರಿ," ಎಂದಳು.

"ಗೊತ್ತಾತು. ಮಂದಿ ಮಾತಾಡಾಕತ್ತಾರ. ಬೋರಿಂಗ ಮೆಂಬರ್ ಅಂತ ಹೆಸರಿಟ್ಟಾರ ನಿಮಗ." ಅವನು ನಗಲು ಹೋದ, ಆಗಲಿಲ್ಲ. "ಸುಂದರಬಾಯಿ, ನಾ ನೇರ ಕೇಳ್ತೇನಿ. ನನ್ನ ಜೋಡಿ ಬರ್ತೀರೇನು? ನಿಮ್ಮ ಮಾತು ಕೇಳದ ವಾರ ನನಗ ವಾರ ಅನಸೂದಿಲ್ಲ."

ಅವನು ಅವಳ ಹೆಸರು ಹಿಡಿದದ್ದು ಅದೇ ಮೊದಲು. ಹೌದು ಎನ್ನಬೇಕೆಂದು ಮೈಯೆಲ್ಲ ಹೇಳುತ್ತಿತ್ತು. ಆರು ವರ್ಷದಿಂದ ಯಾರಿಗೂ ಬೇಡವಾದ ಮೈ ಅದು, ತನಗೂ ಬೇಡವಾಗಿತ್ತು.

"ಉಡಿಕಿ ನಮ್ಮ ಮಂದ್ಯಾಗ ಅದ," ಎಂದಳು. ವಿಧವೆ ಮರುಮದುವೆಯಾಗುವ ಆ ಪದ್ಧತಿ ಅವರ ಕಡೆ ಹೊಸದೇನಲ್ಲ. "ಅಡ್ಡಿ ಅದಲ್ಲ. ಉಡಿಕಿ ಆಗಿ ಹೋದಾಕಿ ಕೂಸಿನ್ನ ಕರಕೊಂಡು ಹೋಗಂಗಿಲ್ಲ. ಕೂಸು ಸತ್ತ ಗಂಡನ ಮನಿದು. ನನ್ನ ಪ್ರಮಿಲಾ ಇನ್ನs ನನ್ನ ಸೆರಗ ಹಿಡಿದು ಮಲಗ್ತಾಳ್ರಿ."

"ಯಾರಿಗೂ ಹೇಳಲಾರದ ಹೋಗಿಬಿಡೂಣು. ಮೂರೂ ಮಂದಿ. ಕಡಗಂಚಿ ಬಸ್ಸು ಹತ್ತಿದ್ರ..."

"ಸಿನಿಮಾದಾಗ ಬಸ್ಸು ಹತ್ತಿದ್ರ ಮುಗೀತದ. ನಾಳಿಗಿ ಆಕೀ ಸಾಲಿಗೆ ಹೋದಾಗ ಓಡಿಹೋದಾಕೀ ಮಗಳು ಅಂತಾರ. ಕೇಳಾದಿದ್ರ ನಾಕು ಮಂದಿ ಮುಂದ, ಹಗಲೊತ್ತಿನ್ಯಾಗ ಬಂದು ಕೇಳ್ರಿ."

"ಕೇಳಿದ್ರ ಕೊಡ್ತಾರೇನು?"

"ನನ್ನ ಕೊಟ್ಟಾರು. ಕೂಸಿನ್ನ ಕೊಡಂಗಿಲ್ಲ."

ರೀಲು ಜೋಡಿಯಾಯಿತು. ಪರದೆ ಮತ್ತೆ ಬೆಳಗಿತು. ಹೀರಾಬಾಯಿ ಈ ಕಡೆ ತಿರುಗಲೇ ಇಲ್ಲ. ಅವಳ ಕಿವಿ ಎತ್ತ ಇತ್ತೋ ಯಾರಿಗೆ ಗೊತ್ತು.

*

ಎರಡು ವಾರ ಅವಳ ಪಾಲಿಗೆ ವಾಡೆ ಎನ್ನುವುದು ವಾಡೆಯಾಗಿ ಉಳಿಯಲಿಲ್ಲ, ಜೇಲಾಯಿತು. ಸುಂದರಬಾಯಿ ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ ತಿರುಗಿದಳು. ಹಿತ್ತಲ ಗೋಡೆಯ ಆಚೆ ಚೌಡಾಪುರದ ಬಸ್ಸು ಹಾರ್ನು ಹೊಡೆದರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಬರುವುದು ಬೇಡ ಎಂದು ಒಂದು ಮನಸ್ಸು, ಬರದಿದ್ದರೆ ಸತ್ತೇ ಹೋಗುತ್ತೇನೆ ಎಂದು ಇನ್ನೊಂದು. ಮಗಳ ಜಡೆ ಹಾಕುವಾಗ ಕೈ ತಡವಾಗುತ್ತಿತ್ತು. "ಯವ್ವಾ, ಎಷ್ಟು ಹೊತ್ತs?" ಎಂದು ಹುಡುಗಿ ರೇಗುತ್ತಿದ್ದಳು.

ಮೂರನೇ ಸೋಮವಾರ, ಬೆಳಗಿನ ಹತ್ತು ಗಂಟೆಗೆ, ಬಸವಂತರಾಯ ಸೋದರಮಾವನನ್ನು ಕರೆದುಕೊಂಡು ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ. ಗೌಡರು ಊರ ಹಿರಿಯರಿಬ್ಬರನ್ನು ಕರೆಸಿದರು. ಜಮಖಾನೆ ಹಾಸಿದರು, ಚಹಾ ಬಂತು. ಹೆಂಗಸರು ನಡುಮನೆಯ ಬಾಗಿಲಲ್ಲಿ ನಿಂತರು.

ಸೋದರಮಾವ ವಿಷಯ ಎತ್ತಿದ. ಗೌಡರು ಸಿಟ್ಟಾಗಲಿಲ್ಲ, ಬದಲಿಗೆ ನಕ್ಕರು. ಆ ನಗೆ ಕಂಡ ಸುಂದರಬಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಉಡಿಕಿಗೆ ನಾ ಬ್ಯಾಡ ಅನ್ನಂಗಿಲ್ಲ. ನಾನೂ ಉಡಿಕಿ ಮಾಡ್ಕೊಂಡಾಂವನs. ಬಸವಣ್ಣನ ಮಂದಿ ನಾವು, ಹೆಣ್ಣಿನ ಬಾಳೇವಿಗೆ ಅಡ್ಡ ಬರಬಾರದು. ಹೋಗಲಿ." ಚಹಾದ ಗುಟುಕೊಂದು ಕುಡಿದು ಮುಂದುವರಿಸಿದರು. "ಕೂಸು ಮನಿತನದ್ದು. ಅದು ಇಲ್ಲೇ ಇರ್ತದ. ಇದು ನಾ ಮಾಡಿದ್ದಲ್ಲ, ಹಿಂದಿನಿಂದ ನಡಕೊಂಡು ಬಂದದ್ದು."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹಿರಿಯರು ತಲೆದೂಗಿದರು. ಸೋದರಮಾವ ಬಸವಂತರಾಯನನ್ನು ಮೊಣಕೈಯಿಂದ ತಿವಿದ. "ಏನಂತೀ? ಮಾತಾಡಲೇ."

"ನನಗ ಕೇಳಬ್ಯಾಡ್ರಿ," ಎಂದ ಬಸವಂತರಾಯ. "ಅವರಿಗೆ ಕೇಳ್ರಿ. ಅವರು ಏನಂತಾರ ಅದs ನನ್ನ ಮಾತು."

ಎಲ್ಲರೂ ನಡುಮನೆಯ ಬಾಗಿಲಿನ ಕಡೆ ನೋಡಿದರು. ಸುಂದರಬಾಯಿ ಹೊಸ್ತಿಲು ದಾಟಿ ಪಡಸಾಲೆಗೆ ಬಂದಳು. ತಲೆಯ ಮೇಲೆ ಸೆರಗಿತ್ತು, ಮುಖದ ಮೇಲೆ ಇರಲಿಲ್ಲ. ಬಸವಂತರಾಯ ಆ ಮುಖವನ್ನು ಪೂರ್ತಿಯಾಗಿ ನೋಡಿದ್ದು ಆಗಲೇ, ಅದೂ ಐದು ಮಂದಿ ಗಂಡಸರ ನಡುವೆ. ಕಣ್ಣು ಇಷ್ಟು ದೊಡ್ಡವಿರಬಹುದೆಂದು ಅವನು ಎಣಿಸಿರಲಿಲ್ಲ.

"ನನಗ ಹೋಗಬೇಕಂತ ಆಸಿ ಅದರಿ ಮಾವಾರ," ಎಂದಳು. "ಸುಳ್ಳು ಯಾಕ ಹೇಳ್ಲಿ? ಭಾಳ ಆಸಿ ಅದ. ಆದ್ರ ಕೂಸು ಬಿಟ್ಟು ಹೋಗಂಗಿಲ್ಲ. ಕೂಸಿನ್ನ ಇಟಗೊಂಡು ನನ್ನ ಕಳಸ್ತೇನಂದ್ರ, ಅದು ಕಳಸೂದಲ್ಲ, ಕಟ್ಟಿಹಾಕೂದು. ಹಂಗಂತ ನಾಕು ಮಂದಿ ಮುಂದ ಹೇಳಿಬಿಡ್ರಿ. ಬಾಳೇವಿ ಮಾಡಿಕೊಟ್ಟೇವಂತ ಹೇಳಬ್ಯಾಡ್ರಿ."

ಗೌಡರ ಮುಖ ಕಪ್ಪಿಟ್ಟಿತು. ಬಾಯಿ ತೆರೆದರು. ಆದರೆ ಮಾತು ಬಂದದ್ದು ಬಾಗಿಲಿನಿಂದ.

"ನಾನೂ ಒಂದು ಹೇಳ್ತೇನಿ."

ಹೀರಾಬಾಯಿ. ಈ ವಾಡೆಗೆ ಬಂದ ಮೂವತ್ತೆಂಟು ವರ್ಷದಲ್ಲಿ ಹಿರಿಯರ ಮುಂದೆ ಅವಳು ಬಾಯಿ ಬಿಟ್ಟದ್ದನ್ನು ಯಾರೂ ಕೇಳಿರಲಿಲ್ಲ. ಅವಳು ಉಡಿಕೆಯಾಗಿ ಬಂದವಳೆಂದು ಊರಿಗೆಲ್ಲ ಗೊತ್ತಿತ್ತು. ಹಿಂದೆ ಏನಿತ್ತು, ಏನು ಬಿಟ್ಟು ಬಂದಳು ಎಂದು ಯಾರೂ ಕೇಳಿರಲಿಲ್ಲ.

"ನಾ ಜೇವರ್ಗಿಯಿಂದ ಬಂದಾಗ ನನ್ನ ಕೂಸು ಹದಿನಾಲ್ಕು ತಿಂಗಳದ್ದಿತ್ತು," ಎಂದಳು, ಗಂಡನನ್ನೇ ನೋಡುತ್ತ. "ಇನ್ನೂ ಮಲಿ ಕುಡೀತಿತ್ತು. ಅತ್ತಿ ಮನ್ಯಾಗ ಇಟಗೊಂಡ್ರು. ಇಲ್ಲಿ ಬಂದ ಮ್ಯಾಲ ಎಂಟು ದಿನ ನನ್ನ ಎದಿಹಾಲು ನಿಂದರಲಿಲ್ಲ. ಈ ಹಿತ್ತಲದಾಗ ಹಿಂಡಿ ಚೆಲ್ಲೀನಿ. ಸೀರಿ ಯಾಕ ತೊಯ್ದದ ಅಂತ ನೀವು ಕೇಳಿದ್ರಿ. ನೀರು ಸೇದಾಕತ್ತಿದ್ದೆ ಅಂದೆ. ನೀವು ನಂಬಿದ್ರಿ."

ಗೌಡರು ಕೈಯಲ್ಲಿದ್ದ ಚಹಾ ಕೆಳಗಿಟ್ಟರು.

"ಅವಗ ಈಗ ಮೂವತ್ತೊಂಬತ್ತು ವರ್ಷ. ಸಂತ್ಯಾಗ ಎದುರಿಗೆ ಬಂದ್ರ ನನಗ ಗುರ್ತು ಹತ್ತಂಗಿಲ್ಲ. ಹಿಂದಿನಿಂದ ನಡಕೊಂಡು ಬಂದದ್ದು ಅಂತೀರಿ. ಹೌದು, ನನ್ನ ಮ್ಯಾಲs ನಡಕೊಂಡು ಹೋಗ್ಯಾದ. ಇನ್ನ ಈ ಕೂಸಿನ ಮ್ಯಾಲ ಬ್ಯಾಡ."

ಹೇಳಿ ಅವಳು ಅಲ್ಲೇ ಕಂಬಕ್ಕೆ ಒರಗಿ ಕುಳಿತುಬಿಟ್ಟಳು. ಸುಂದರಬಾಯಿ ಓಡಿ ಹೋಗಿ ಅವಳ ಕೈ ಹಿಡಿದಳು. ಹತ್ತು ವರ್ಷ ಒಂದೇ ಒಲೆಯ ಮುಂದೆ ಕುಳಿತವರಿಗೆ, ಇಬ್ಬರೂ ಒಂದೇ ಬೋನಿನಲ್ಲಿದ್ದೇವೆಂದು ಅವತ್ತೇ ತಿಳಿಯಿತು.

ಗೌಡರು ಹೆಂಡತಿಯನ್ನು ನೋಡಿದರು. ಮಗನನ್ನು ಮಣ್ಣು ಮಾಡಿ ಬಂದ ದಿನವೂ ಅವರ ಬೆನ್ನು ಹೀಗೆ ಬಾಗಿರಲಿಲ್ಲ. ಆಮೇಲೆ ಎದ್ದು, ಗೂಟಕ್ಕೆ ಹಾಕಿದ್ದ ರುಮಾಲು ತೆಗೆದುಕೊಂಡರು.

"ಎಲ್ಲಿಗೆ ಗೌಡ್ರ?" ಹಿರಿಯರು ಕೇಳಿದರು.

"ಸಾಲಿಗೆ," ಎಂದರು ಗೌಡರು, ಯಾರ ಮುಖವನ್ನೂ ನೋಡದೆ. "ಪ್ರಮಿಲಾನ ಟೀಸಿ ಬೇಕಾಗ್ತದಲ್ಲ. ಅಫಜಲಪುರದ ಸಾಲ್ಯಾಗ ಟೀಸಿ ಇಲ್ಲದ ಹೆಸರು ಹಚಗೊಳಂಗಿಲ್ಲ. ಹೆಡ್ ಮಾಸ್ತರಗ ನಾನs ಹೋಗಿ ಹೇಳಬೇಕು." ಮೆಟ್ಟಿಲ ಮೇಲೆ ನಿಂತು, ತಿರುಗದೆಯೇ ಸೊಸೆಗೆ ಹೇಳಿದರು. "ಸಾಲಿ ಸೂಟಿಗೆ ಮಾತ್ರ ಕೂಸಿನ್ನ ಇಲ್ಲಿ ಕಳಸಬೇಕು. ಮಂಡಲದ ಮೀಟಿಂಗಿಗೆ ನೀನs ಬಸ್ಸಿಗೆ ಬಾ. ನಾ ಇನ್ನ ರಿಜಿಸ್ಟರ್ ಹೊರಂಗಿಲ್ಲ."

*

ಹಿರಿಯರು ಎದ್ದು ಹೋದರು. ಸೋದರಮಾವ ಬೀಡಿಯ ನೆವ ಮಾಡಿ ಹೊರಗೆ ಹೋದ. ಪಡಸಾಲೆಯ ಜಮಖಾನೆಯ ಮೇಲೆ ಬಸವಂತರಾಯ ಒಬ್ಬನೇ ಕುಳಿತಿದ್ದ. ಮುಂದೆ ಕೆನೆಗಟ್ಟಿದ ಚಹಾ. ಸುಂದರಬಾಯಿ ಬಿಸಿ ಚಹಾ ತಂದು ಇಟ್ಟಳು, ಇಟ್ಟು ಒಳಗೆ ಹೋಗಲಿಲ್ಲ.

"ನಾ ಏನೂ ಮಾಡಲಿಲ್ಲ," ಎಂದ ಅವನು, ತಲೆ ತಗ್ಗಿಸಿ. "ಬಸ್ಸಿನ್ಯಾಗ ಎರಡು ತಾಸು ಮಾತು ಬಾಯಿಪಾಠ ಮಾಡ್ಕೊಂಡು ಬಂದಿದ್ದೆ. ಗೌಡ್ರಿಗೆ ಹಿಂಗ ಹೇಳಬೇಕು, ಹಂಗ ಹೇಳಬೇಕು ಅಂತ. ಒಂದೂ ಆಡಲಿಲ್ಲ. ಎಂಥಾ ಗಂಡಸು ಅಂದಿರಬೇಕು ನೀವು."

"ನೀವು ಆಡಿದ್ರ ನಾ ಆಡ್ತಿದ್ದಿಲ್ಲ," ಎಂದಳು ಸುಂದರಬಾಯಿ. "ಹುಟ್ಟಿದಾಗಿಂದ ನನ್ನ ಸಲುವಾಗಿ ಮಾತಾಡಿದವರs ಎಲ್ಲಾರೂ. ಅಪ್ಪ, ಅಣ್ಣ, ಮಾವ. ನನಗ ಕೇಳ್ರಿ ಅಂದಾಂವ ನೀ ಒಬ್ಬ."

ನೀ ಎಂದುಬಿಟ್ಟೆ ಎಂದು ಅವಳಿಗೆ ಆಮೇಲೆ ಹೊಳೆಯಿತು. ನಾಲಿಗೆ ಕಚ್ಚಿಕೊಂಡಳು. ಅವನು ತಲೆಯೆತ್ತಿದ, ಕಣ್ಣು ತುಂಬಿದ್ದವು. ಅವಳ ಕಣ್ಣೂ ತುಂಬಿದವು. ಒರೆಸಿಕೊಳ್ಳಲು ಇಬ್ಬರೂ ಹೋಗಲಿಲ್ಲ.

"ನೀ ಅಂದ್ರ ನನಗ ಜೀವ," ಎಂದಳು, ತಗ್ಗಿದ ದನಿಯಲ್ಲಿ, ಆದರೆ ಅವನ ಮುಖ ನೋಡಿಯೇ. "ಇದನ್ನೂ ನಾನs ಹೇಳಬೇಕಂತಿದ್ದೆ."